ಏಳದ ಲ್ಯಾಪ್‌ಟಾಪ್ ಸತ್ತಿರಬೇಕೆಂದಿಲ್ಲ

(ನಮ್ಮ ಬಳಗದ ಶಿಬಿರದಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು, ಗೊಬ್ಬರ, ಅಡಿಕೆಯ ಕೊಳೆರೋಗಗಳ ಬಗ್ಗೆ ಮಾತನಾಡಬೇಕಾದ ನಾನು ಇಂದು ಲ್ಯಾಪ್‌ಟಾಪಿನ ವಿಷಯ ಎತ್ತಿಕೊಂಡಿರುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಕಾರಣವಿದೆ. ನಮ್ಮ ಊರುಗಳಲ್ಲಿ ಮನೆ ಮನೆಯ ಅಟ್ಟದ ಮೇಲೆ ಒಂದೊಂದು ಹಳೆಯ ಲ್ಯಾಪ್‌ಟಾಪ್ ಮಲಗಿದೆ. ಏನಾಯಿತೆಂದು ಕೇಳಿದರೆ ‘ಅದು ಏಳುವುದಿಲ್ಲ’ ಎಂಬ ಒಂದೇ ಉತ್ತರ. ಒಂದು ದಿನ ಗುಜರಿಯವನು ಬಂದು ತೂಕಕ್ಕೆ ಹಾಕಿ ಒಯ್ಯುತ್ತಾನೆ. ಹೀಗೆ ಹೋದವುಗಳಲ್ಲಿ ನಿಜವಾಗಿ ಕೆಟ್ಟವು ಎಷ್ಟು, ಕೇವಲ ಏಳುವ ದಾರಿ ಮರೆತವು ಎಷ್ಟು ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಕೊಪ್ಪಳ ಜಿಲ್ಲೆಯಲ್ಲಿ ನನಗೇ ಆದ ಒಂದು ಫಜೀತಿಯಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೊಪ್ಪಳ ನಮ್ಮಂಥ ಮಳೆಯ ನಾಡಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಆ ಸೀಮೆಯಲ್ಲಿ ಎರಡು ಲೋಕಗಳಿವೆ. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಕಣ್ಣು ಹಾಯಿಸಿದಷ್ಟೂ ಭತ್ತ. ಕುಷ್ಟಗಿ, ಯಲಬುರ್ಗಾಗಳ ಕಡೆ ಮಳೆಯನ್ನೇ ನಂಬಿದ ಜೋಳ, ಸಜ್ಜೆ, ಕಡಲೆ. ಕೊಳವೆಬಾವಿ ಒಲಿದಲ್ಲಿ ದಾಳಿಂಬೆ. ಕಾಲುವೆ ಬಂದ ಕಪ್ಪು ನೆಲದಲ್ಲಿ ನೀರು ನಿಂತು ಉಪ್ಪು ಮೇಲೇರಿದ ಕಥೆ ನಿಮಗೆ ಗೊತ್ತಿದೆ; ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಮಣ್ಣಿನ ಬಗ್ಗೆ ದಶಕಗಳ ಕೆಲಸ ನಡೆದಿದೆ. ನಾನು ಹೋದದ್ದು ಕೆಲವು ಹಳ್ಳಿಗಳ ಹೊಲದ ಮಣ್ಣು ಮತ್ತು ಬಾವಿಯ ನೀರಿನ ಉಪ್ಪಿನಂಶವನ್ನು ರೈತರ ಜೊತೆಗೂಡಿ ಅಳೆಯುವ ಸಣ್ಣದೊಂದು ಕೆಲಸಕ್ಕೆ. ಮೂರು ಹಂಗಾಮಿನ ಅಳತೆಗಳೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿದ್ದವು. ಹೌದು, ಒಂದರಲ್ಲೇ. ನಗಬೇಡಿ, ಆ ಮಾತಿಗೆ ಆಮೇಲೆ ಬರುತ್ತೇನೆ.

ಆ ಲ್ಯಾಪ್‌ಟಾಪ್ ಬಂಧುವೊಬ್ಬರು ‘ಬಹಳ ನಿಧಾನ’ ಎಂದು ಬಿಟ್ಟುಕೊಟ್ಟದ್ದು. ವಿಂಡೋಸ್ 7 ಕಾಲದ ಯಂತ್ರ. ಅದರಲ್ಲಿ ನಾನೇ ಲಿನಕ್ಸ್ ಹಾಕಿಕೊಂಡು ಎರಡು ವರ್ಷ ನೆಮ್ಮದಿಯಿಂದ ಕೆಲಸ ಮಾಡಿದ್ದೆ. ಲಿನಕ್ಸ್ ಎಂದರೆ ಏನೆಂದು ಕೇಳುವ ಹಿರಿಯರಿಗೆ: ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ ಅದೂ ಒಂದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಅದರ ತಿರುಳನ್ನು ಬರೆದು ಎಲ್ಲರಿಗೂ ತೆರೆದಿಟ್ಟರು. ನಾಟಿ ಬೀಜದ ಹಾಗೆ ಅದನ್ನು ಹಂಚಿಕೊಳ್ಳಬಹುದು, ತಿದ್ದಿ ಬೆಳೆಸಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಕುಷ್ಟಗಿಯಲ್ಲಿ ದಾಳಿಂಬೆ ಬೆಳೆಗಾರರೊಬ್ಬರು ತಮ್ಮ ತೋಟದ ಚಿತ್ರಗಳನ್ನು ಕೇಳಿದರು. ಲ್ಯಾಪ್‌ಟಾಪಿಗೆ ಸದಾ ಅಂಟಿಕೊಂಡೇ ಇರುತ್ತಿದ್ದ ಉಗುರಿನಷ್ಟು ಚಿಕ್ಕ ಪೆನ್‌ಡ್ರೈವ್ ಒಂದಿತ್ತು. ಚಿತ್ರಗಳನ್ನು ಅದಕ್ಕೆ ತುಂಬಿ, ಕಿತ್ತು ಅವರ ಕೈಗಿತ್ತೆ. ಯಂತ್ರ ಆ ಸಂಜೆಯೆಲ್ಲ ಚೆನ್ನಾಗಿಯೇ ನಡೆಯಿತು. ಮರುದಿನ ಬೆಳಿಗ್ಗೆ ಕೊಪ್ಪಳದ ವಸತಿಗೃಹದಲ್ಲಿ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿಯ ಒಂದು ಸಾಲು: ಏಳಿಸಬಲ್ಲ ಸಾಧನ ಸಿಗಲಿಲ್ಲ, ಡಿಸ್ಕ್ ಹಾಕಿ ಕೀಲಿ ಒತ್ತಿರಿ. ಅಂದೇ ಮಧ್ಯಾಹ್ನ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಭೆ. ಮೂರು ಹಂಗಾಮು ಮಣ್ಣು ಅಗೆದು ಕೊಟ್ಟ ರೈತರು ತಮ್ಮ ಹೊಲದ ಅಂಕಿಗಳನ್ನು ಮೊದಲ ಬಾರಿ ನೋಡುವವರಿದ್ದರು. ಬಾವಿಯ ನೀರು ಉಪ್ಪಾಗಿದೆಯೇ, ಮತ್ತೊಂದು ಕೊಳವೆಬಾವಿಗೆ ಸಾಲ ಮಾಡುವುದೋ ಬೇಡವೋ ಎಂದು ಕೆಲವರು ಆ ಅಂಕಿಗಾಗಿಯೇ ಕಾದಿದ್ದರು.

ರಿಪೇರಿಯ ಅಂಗಡಿಯೊಂದಕ್ಕೆ ಓಡಿದೆ. ಅಲ್ಲಿದ್ದವರು ಎರಡು ನಿಮಿಷ ನೋಡಿ, ‘ಹಾರ್ಡ್‌ಡಿಸ್ಕ್ ಹೋಗಿದೆ. ಫಾರ್ಮ್ಯಾಟ್ ಮಾಡಿ ನೋಡೋಣ, ಆಗದಿದ್ದರೆ ಹೊಸದು ತೆಗೆದುಕೊಳ್ಳಿ’ ಎಂದರು. ಫಾರ್ಮ್ಯಾಟ್ ಎಂದರೆ ಅಳಿಸಿ ಹೊಸದಾಗಿ ಗೆರೆ ಹಾಕುವುದು. ಅಷ್ಟು ಸಲೀಸಾಗಿ ಹೇಳಿದ್ದನ್ನು ಕೇಳಿ, ಒಂದು ಕ್ಷಣ ನಾನೂ ತಲೆಯಾಡಿಸುವವನಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಡಾಕ್ಟರೇಟ್ ಪದವಿ ಅಂಥ ಹೊತ್ತಿನಲ್ಲಿ ಏನೂ ಸಹಾಯ ಮಾಡುವುದಿಲ್ಲ.

ಕೈಹಿಡಿದವನು ಅಳತೆಯ ಕೆಲಸಕ್ಕೆ ನಮ್ಮ ಜೊತೆ ಬರುತ್ತಿದ್ದ ಕಾಲೇಜು ವಿದ್ಯಾರ್ಥಿ. ಅವನು ಯಂತ್ರವನ್ನು ಮುಟ್ಟುವ ಮೊದಲು ಕೇಳಿದ ಪ್ರಶ್ನೆ ಒಂದೇ: ‘ಸರ್, ಕಡೆಯ ಸಲ ಇದು ಸರಿಯಾಗಿ ಎದ್ದಾಗ ಇದಕ್ಕೆ ಏನೇನು ಚುಚ್ಚಿತ್ತು?’ ನನಗೆ ಆಗ ಹೊಳೆಯಲಿಲ್ಲ. ಅವನು ಚೀಲದಿಂದ ಒಂದು ಲೈವ್ ಪೆನ್‌ಡ್ರೈವ್ ತೆಗೆದ. ಇಡೀ ಲಿನಕ್ಸ್ ವ್ಯವಸ್ಥೆಯೇ ಅದರಲ್ಲಿರುತ್ತದೆ. ಯಂತ್ರದ ಹಾರ್ಡ್‌ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಏಳುತ್ತದೆ. ಆರಂಭದ ಪಟ್ಟಿಯಲ್ಲಿ ‘ಸ್ಥಾಪಿಸು’ ಎಂಬುದನ್ನು ಬಿಟ್ಟು ‘ಪ್ರಯತ್ನಿಸಿ ನೋಡು’ ಎಂಬುದನ್ನು ಆರಿಸಿದ. ವಿದ್ಯಾರ್ಥಿಗಳು ಇದನ್ನು ಗಟ್ಟಿಯಾಗಿ ನೆನಪಿಡಬೇಕು, ಇಲ್ಲಿ ತಪ್ಪಿದರೆ ಅಂಗಡಿಯವರು ಮಾಡಹೊರಟಿದ್ದನ್ನು ನಾವೇ ಮಾಡಿದಂತೆ. ಎರಡು ನಿಮಿಷದಲ್ಲಿ ಪರದೆ ಬೆಳಗಿತು. ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಐದಕ್ಷರದ ಆಜ್ಞೆ ಕೊಟ್ಟ. ಸತ್ತಿದೆಯೆಂದು ತೀರ್ಮಾನವಾಗಿದ್ದ 500 ಜಿಬಿಯ ಡಿಸ್ಕ್ ತನ್ನ ವಿಭಾಗಗಳೊಂದಿಗೆ ಪಟ್ಟಿಯಲ್ಲಿ ಕುಳಿತಿತ್ತು. ‘ಸ್ಮಾರ್ಟ್‌ಸಿಟಿಎಲ್’ ಎಂಬ ಇನ್ನೊಂದು ಆಜ್ಞೆಯಿಂದ ಡಿಸ್ಕಿನ ಆರೋಗ್ಯ ನೋಡಿದ, ದೋಷವಿರಲಿಲ್ಲ. ನನ್ನ ಕಡತಕೋಶ ತೆರೆಯಿತು. ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲ ಹೆಸರುಗಳೂ ಹಾಗೆಯೇ ಇದ್ದವು.

ಆಗ ನನಗೆ ನೆನಪಾದದ್ದು ಕಾಲುವೆ ಬುಡದ ಹೊಲಗಳು. ಅಲ್ಲಿ ನೀರು ನಿಂತೇ ಇರುತ್ತದೆ, ಆದರೂ ಎಲೆಯ ತುದಿ ಸುಟ್ಟು ಪೈರು ಬಾಡುತ್ತದೆ. ಬಾಡಿದ್ದು ಕಂಡು ರೈತ ಇನ್ನಷ್ಟು ನೀರು ಬಿಡುತ್ತಾನೆ. ಮಣ್ಣಿನ ಸಾರದ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮನ್ ದಾಟಿದೆಯೇ, ರಸಸಾರ 8.5ಕ್ಕಿಂತ ಮೇಲಿದೆಯೇ ಎಂದು ಅಳೆಯದೆ ಮದ್ದು ಹೇಳಲಾಗದು. ಬರಿಯ ಲವಣದ ನೆಲಕ್ಕೆ ಬಸಿಗಾಲುವೆ ಮತ್ತು ತೊಳೆಯುವ ಸಿಹಿನೀರು ಬೇಕು. ಸೋಡಿಯಂ ತುಂಬಿದ ಕ್ಷಾರ ನೆಲಕ್ಕೆ ಜಿಪ್ಸಂ ಬೇಕು. ಮೊದಲನೆಯದಕ್ಕೆ ಜಿಪ್ಸಂ ಸುರಿದರೆ ಹಣ ಮಣ್ಣುಪಾಲು. ಅಳೆಯದೆ ಜಿಪ್ಸಂ ಶಿಫಾರಸು ಮಾಡುವವರನ್ನು ಸಭೆ ಸಭೆಗಳಲ್ಲಿ ಬೈಯುತ್ತಿದ್ದ ನಾನು, ಅಳೆಯದೆ ಫಾರ್ಮ್ಯಾಟ್ ಎಂದವರ ಮಾತಿಗೆ ತಲೆಯಾಡಿಸಲಿದ್ದೆ!

ಸರಿಪಡಿಸಲು ಆಗ ಸಮಯವಿರಲಿಲ್ಲ. ಕಡತಗಳನ್ನೆಲ್ಲ ಮೊದಲು ಅವನ ಹೊರಡಿಸ್ಕಿಗೆ ನಕಲು ಮಾಡಿಕೊಂಡು, ಲೈವ್ ಪೆನ್‌ಡ್ರೈವ್ ಚುಚ್ಚಿಕೊಂಡೇ ಯಲಬುರ್ಗಾಕ್ಕೆ ಹೊರಟೆವು. ಸಭೆ ಪೂರ್ತಿ ಲ್ಯಾಪ್‌ಟಾಪ್ ಆ ಪೆನ್‌ಡ್ರೈವಿನ ಉಸಿರಿನ ಮೇಲೆ ನಡೆಯಿತು. ಅಂಕಿಗಳು ಗೋಡೆಯ ಮೇಲೆ ಮೂಡಿದವು, ರೈತರು ತಮ್ಮ ತಮ್ಮ ಹೊಲದ ಸಾಲನ್ನು ಹುಡುಕಿ ಓದಿಕೊಂಡರು, ವಾದ ಮಾಡಿದರು. ತನ್ನ ಬಾವಿಯ ಅಂಕಿ ನೋಡಿದ ಒಬ್ಬರು ಅಂದೇ ಹೊಸ ಬಾವಿಯ ವಿಚಾರ ಕೈಬಿಟ್ಟರು. ಲೈವ್ ವ್ಯವಸ್ಥೆಯಲ್ಲಿ ಒಂದು ಎಚ್ಚರಿಕೆ ಅಗತ್ಯ: ಅದು ಸಾಮಾನ್ಯವಾಗಿ ಯಂತ್ರ ಆರಿಸಿದೊಡನೆ ಎಲ್ಲವನ್ನೂ ಮರೆಯುತ್ತದೆ. ಸಭೆಯಲ್ಲಿ ಬರೆದುಕೊಂಡ ಟಿಪ್ಪಣಿಯನ್ನು ಹೊರಡಿಸ್ಕಿಗೆ ಉಳಿಸಬೇಕೆಂದು ಅವನು ಎರಡು ಬಾರಿ ನೆನಪಿಸಿದ.

ಕಾರಣ ಹುಡುಕಿದ್ದು ಸಂಜೆ, ಕೊಪ್ಪಳಕ್ಕೆ ಮರಳಿದ ಮೇಲೆ. ಅದು ಅರ್ಥವಾಗಬೇಕಾದರೆ ಯಂತ್ರ ಏಳುವ ಕ್ರಮ ತಿಳಿದಿರಬೇಕು. ನಮ್ಮ ಮನೆಗಳಿಗೆ ಗುಡ್ಡದ ಮೇಲಿನಿಂದ ಅಬ್ಬಿ ನೀರು ಬರುವುದನ್ನು ನೆನೆಯಿರಿ. ನಲ್ಲಿಯಲ್ಲಿ ನೀರು ನಿಂತರೆ ಯಾರೂ ಒರತೆ ಬತ್ತಿತೆಂದು ಹೇಳುವುದಿಲ್ಲ. ಪೈಪು ಹಿಡಿದು ಮೇಲಕ್ಕೆ ನಡೆಯುತ್ತೇವೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ಒಂದೊಂದು ಜೋಡಣೆಯಲ್ಲೂ ಬಿಚ್ಚಿ ನೋಡುತ್ತೇವೆ. ಲ್ಯಾಪ್‌ಟಾಪಿನಲ್ಲೂ ಹೀಗೆಯೇ ಜೋಡಣೆಗಳಿವೆ. ಗುಂಡಿ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದು ಬಯಾಸ್, ಹೊಸತರಲ್ಲಿ ಯುಇಎಫ್‌ಐ. ಅದು ಡಿಸ್ಕಿನಲ್ಲಿ ‘ಎಬ್ಬಿಸುವವ’ನನ್ನು ಹುಡುಕುತ್ತದೆ. ಲಿನಕ್ಸಿನಲ್ಲಿ ಹೆಚ್ಚಾಗಿ ಆ ಕೆಲಸ ‘ಗ್ರಬ್’ ಎಂಬುದರದು. ಗ್ರಬ್ ಲಿನಕ್ಸಿನ ತಿರುಳಾದ ಕರ್ನಲ್ ಅನ್ನು ನೆನಪಿಗೆ ತರುತ್ತದೆ, ಕರ್ನಲ್ ತನ್ನ ಮೂಲ ವಿಭಾಗವನ್ನು ಹುಡುಕಿಕೊಳ್ಳುತ್ತದೆ, ಆಮೇಲೆ ಉಳಿದ ಸೇವೆಗಳು ಒಂದೊಂದಾಗಿ ಏಳುತ್ತವೆ.

ಎಲ್ಲಿ ಕಡಿದಿದೆಯೆಂಬುದನ್ನು ಪರದೆಯೇ ಹೇಳುತ್ತದೆ, ನಾವು ಓದುವುದಿಲ್ಲ ಅಷ್ಟೆ. ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲವೆಂದರೆ ವಿದ್ಯುತ್ತಿನದೋ ಯಂತ್ರಾಂಶದ್ದೋ ತೊಂದರೆ. ಅದಕ್ಕೆ ಪೆನ್‌ಡ್ರೈವಿನ ಮದ್ದಿಲ್ಲ. ‘ಸಾಧನ ಸಿಗಲಿಲ್ಲ’ ಎಂಬ ಸಾಲು ಬಂದರೆ ಚಿಪ್ಪಿನ ತಂತ್ರಾಂಶ ಎದ್ದಿದೆ, ಎಬ್ಬಿಸುವವನು ಸಿಕ್ಕಿಲ್ಲ. ‘ಗ್ರಬ್ ರೆಸ್ಕ್ಯೂ’ ಎಂದು ಬರೆದು ಮಿನುಗುತ್ತ ನಿಂತರೆ ಎಬ್ಬಿಸುವವನ ತಲೆಯಷ್ಟೇ ಎದ್ದಿದೆ, ಕೈಕಾಲು ಸಿಕ್ಕಿಲ್ಲ. ಬರಿಯ ‘ಗ್ರಬ್’ ಎಂದು ನಿಂತರೆ ಅವನಿಗೆ ತನ್ನ ಪಟ್ಟಿ ಕಾಣುತ್ತಿಲ್ಲ. ‘ಇನಿಟ್‌ರಾಮ್‌ಎಫ್‌ಎಸ್’ ಎಂದು ನಿಂತರೆ ಕರ್ನಲ್ ಬಂದಿದೆ, ಮೂಲ ವಿಭಾಗ ಸಿಕ್ಕಿಲ್ಲ ಅಥವಾ ಅದಕ್ಕೆ ದುರಸ್ತಿ ಬೇಕಾಗಿದೆ. ಒಂದೂವರೆ ನಿಮಿಷ ಕಾದು ‘ತುರ್ತು ಸ್ಥಿತಿ’ ಎಂದರೆ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ಈಗ ಇಲ್ಲದ ಯಾವುದೋ ಡಿಸ್ಕಿನ ಹೆಸರು ಉಳಿದಿರುವ ಸಂಭವ ಹೆಚ್ಚು. ಈ ಸಾಲುಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ; ಸಹಾಯ ಕೇಳುವಾಗ ‘ಏಳುವುದಿಲ್ಲ’ ಎನ್ನುವುದಕ್ಕಿಂತ ಆ ಚಿತ್ರ ನೂರು ಪಾಲು ಉಪಯುಕ್ತ.

ನನ್ನ ಯಂತ್ರದಲ್ಲಿ ಕಡಿದದ್ದು ಎರಡನೆಯ ಜೋಡಣೆ. ಹಳೆಯ ಬಯಾಸ್ ಯಂತ್ರಗಳು ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತವೆ. ಅದರಲ್ಲಿ ಎಬ್ಬಿಸುವ ಸೂಚನೆಗೆ ಸಿಗುವ ಜಾಗ 446 ಬೈಟ್. ಯುನಿಕೋಡಿನ ರೂಢಿಯ ಬರಹಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ ಒಂದು ಅಂಚೆ ಕಾರ್ಡಿನ ನಾಲ್ಕು ಸಾಲೂ ಅಲ್ಲಿ ಹಿಡಿಯದು. ನನ್ನ ಹಾರ್ಡ್‌ಡಿಸ್ಕಿನ ಆ ಜಾಗದಲ್ಲಿ ಗ್ರಬ್ ಇರಲೇ ಇಲ್ಲ! ಎರಡು ವರ್ಷದ ಹಿಂದೆ ನಾನು ಲಿನಕ್ಸ್ ಸ್ಥಾಪಿಸುವಾಗ ಆ ಉಗುರಿನ ಗಾತ್ರದ ಪೆನ್‌ಡ್ರೈವ್ ಯಂತ್ರದಲ್ಲೇ ಇತ್ತು. ‘ಎಬ್ಬಿಸುವ ಕಾರ್ಯಕ್ರಮವನ್ನು ಯಾವ ಡಿಸ್ಕಿನಲ್ಲಿ ಬರೆಯಲಿ’ ಎಂದು ಕೇಳಿದಾಗ ಓದದೆ ‘ಮುಂದೆ’ ಒತ್ತಿದ್ದೆ. ಅಂದಿನಿಂದ ನನ್ನ ಲ್ಯಾಪ್‌ಟಾಪಿನ ಬಾಗಿಲ ಕೀಲಿ ಆ ಪೆನ್‌ಡ್ರೈವಿನ ತಲೆಯಲ್ಲಿತ್ತು, ಮತ್ತು ಅದನ್ನು ನಾನು ಕುಷ್ಟಗಿಯ ದಾಳಿಂಬೆ ತೋಟಕ್ಕೆ ದಾನ ಮಾಡಿ ಬಂದಿದ್ದೆ. ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ಉತ್ತರ ಆಗ ಸಿಕ್ಕಿತು.

ದುರಸ್ತಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಲೈವ್ ಪೆನ್‌ಡ್ರೈವಿನಿಂದ ಎದ್ದು, ಹಾರ್ಡ್‌ಡಿಸ್ಕಿನ ಲಿನಕ್ಸ್ ವಿಭಾಗವನ್ನು ‘ಮೌಂಟ್’ ಆಜ್ಞೆಯಿಂದ ಒಂದು ಕಡತಕೋಶಕ್ಕೆ ಜೋಡಿಸಿದೆವು. ‘ಡೆವ್’, ‘ಪ್ರಾಕ್’, ‘ಸಿಸ್’ ಎಂಬ ಮೂರು ಕೋಶಗಳನ್ನೂ ಅದರೊಳಕ್ಕೆ ‘ಬೈಂಡ್’ ಮಾಡಿ, ‘ಸಿಎಚ್‌ರೂಟ್’ ಆಜ್ಞೆಯಿಂದ ಒಳಹೊಕ್ಕೆವು. ಬಾಗಿಲ ಕೀಲಿ ಕಳೆದಾಗ ಹಂಚು ಸರಿಸಿ ಮನೆಯೊಳಗಿಳಿದ ಹಾಗೆ. ಅಲ್ಲಿಂದ ‘ಗ್ರಬ್-ಇನ್‌ಸ್ಟಾಲ್’, ಅದರ ಮುಂದೆ ಡಿಸ್ಕಿನ ಹೆಸರು, ನಂತರ ‘ಅಪ್‌ಡೇಟ್-ಗ್ರಬ್’. ಇಲ್ಲಿ ಎರಡು ಕಡೆ ಕೈ ತಪ್ಪುತ್ತದೆ. ಬಯಾಸ್ ಯಂತ್ರದಲ್ಲಿ ಹೆಸರು ಇಡೀ ಡಿಸ್ಕಿನದಾಗಿರಬೇಕು, ಕೊನೆಯಲ್ಲಿ ವಿಭಾಗದ ಸಂಖ್ಯೆ ಇರಬಾರದು. ಎರಡನೆಯದಾಗಿ, ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳು ಸ್ಥಿರವಲ್ಲ. ಪೆನ್‌ಡ್ರೈವ್ ಇದ್ದರೆ ಅದೇ ‘ಎಸ್‌ಡಿಎ’ ಆಗಿಬಿಡಬಹುದು. ಹೆಸರನ್ನು ನಂಬದೆ ಗಾತ್ರವನ್ನು ನೋಡಬೇಕು. ಇಲ್ಲದಿದ್ದರೆ ನನ್ನ ಹಳೆಯ ತಪ್ಪನ್ನೇ ಇನ್ನೊಂದು ಪೆನ್‌ಡ್ರೈವಿನ ಮೇಲೆ ಮಾಡಿದಂತಾಗುತ್ತದೆ. ಕೊನೆಗೆ ಚುಚ್ಚಿದ್ದನ್ನೆಲ್ಲ ಕಿತ್ತು, ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಗುಂಡಿ ಒತ್ತಿ ಪರೀಕ್ಷಿಸಿದೆವು. ಕಿತ್ತು ನೋಡದೆ ಸರಿಯಾಯಿತೆನ್ನುವ ಹಾಗಿಲ್ಲ.

ನಿಮ್ಮಲ್ಲಿ ಹೆಚ್ಚಿನವರ ಯಂತ್ರ ಯುಇಎಫ್‌ಐ ಇರಬಹುದು. ಅಲ್ಲಿ ಎಬ್ಬಿಸುವ ಕಡತಗಳು ಡಿಸ್ಕಿನ ಚಿಕ್ಕದೊಂದು ಪ್ರತ್ಯೇಕ ವಿಭಾಗದಲ್ಲಿರುತ್ತವೆ, ಅವುಗಳ ವಿಳಾಸ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ಆ ವಿಳಾಸ ಅಳಿದುಹೋದರೂ ಯಂತ್ರ ಏಳದು. ‘ಇಎಫ್‌ಐಬೂಟ್‌ಎಂಜಿಆರ್’ ಎಂಬ ಆಜ್ಞೆ ಅದನ್ನು ತೋರಿಸುತ್ತದೆ. ದುರಸ್ತಿಯ ಮೊದಲು ಆ ಚಿಕ್ಕ ವಿಭಾಗವನ್ನೂ ‘ಬೂಟ್’ ಕೋಶದೊಳಗಿನ ‘ಇಎಫ್‌ಐ’ಗೆ ಮೌಂಟ್ ಮಾಡಬೇಕು. ಲೈವ್ ಪೆನ್‌ಡ್ರೈವ್ ಕೂಡ ಯುಇಎಫ್‌ಐ ರೀತಿಯಲ್ಲೇ ಎದ್ದಿರಬೇಕು, ಇಲ್ಲದಿದ್ದರೆ ವಿಳಾಸ ಬರೆಯಲಾಗದು. ‘ಸೆಕ್ಯೂರ್ ಬೂಟ್’ ಎಂಬ ಕಾವಲುಗಾರ ಬೇರೆ ಇದ್ದಾನೆ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ನವೀಕರಣ ಅದರ ನಿಯಮ ಬದಲಿಸಿದಾಗ, ಎರಡೂ ವ್ಯವಸ್ಥೆಗಳಿದ್ದ ಹಲವು ಯಂತ್ರಗಳಲ್ಲಿ ಲಿನಕ್ಸ್ ಏಳದೆ ಲೋಕವೆಲ್ಲ ಗುಲ್ಲಾಯಿತು. ಡಿಸ್ಕುಗಳು ಆಗಲೂ ನೆಟ್ಟಗಿದ್ದವು.

ಮಲೆನಾಡಿನಲ್ಲಿ ನಮಗೆ ನಮ್ಮವೇ ಕಾರಣಗಳಿವೆ. ಗಾಳಿಮಳೆಯಲ್ಲಿ ಮರ ಬಿದ್ದು ವಿದ್ಯುತ್ ಹೋಗುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ನವೀಕರಣದ ನಡುವೆಯೇ ಆರುತ್ತದೆ. ಹೊಸ ಕರ್ನಲ್ ಅರ್ಧ ಬರೆದು ನಿಲ್ಲುತ್ತದೆ. ಆಗ ಗ್ರಬ್ಬಿನ ಪಟ್ಟಿಯಲ್ಲಿ ‘ಹೆಚ್ಚಿನ ಆಯ್ಕೆಗಳು’ ಎಂಬಲ್ಲಿ ಹಳೆಯ ಕರ್ನಲ್ ಇರುತ್ತದೆ, ಅದರಿಂದ ಏಳಬಹುದು. ವರ್ಷಗಟ್ಟಲೆ ಅಟ್ಟದಲ್ಲಿದ್ದ ಯಂತ್ರದಲ್ಲಿ ಮದರ್‌ಬೋರ್ಡಿನ ನಾಣ್ಯದಂಥ ಚಿಕ್ಕ ಬ್ಯಾಟರಿ ಸತ್ತಿರುತ್ತದೆ. ದಿನಾಂಕವೂ ಏಳುವ ರೀತಿಯ ಆಯ್ಕೆಯೂ ಮರೆತುಹೋಗಿರುತ್ತವೆ. ಗಡಿಯಾರ ಯಾವುದೋ ಹಳೆಯ ವರ್ಷ ತೋರಿಸುತ್ತಿದ್ದರೆ ಮೊದಲು ಅದನ್ನೇ ಅನುಮಾನಿಸಿ.

ಈಗ ಒಂದೇ ಲ್ಯಾಪ್‌ಟಾಪಿನ ಮಾತು. ಕೊಪ್ಪಳದಲ್ಲಿ ಅಶೋಕನ ಶಾಸನ ಎರಡು ಬಂಡೆಗಳ ಮೇಲಿದೆ, ಗವಿಮಠದ ಬಳಿ ಒಂದು, ಪಾಲ್ಕಿಗುಂಡುವಿನಲ್ಲಿ ಇನ್ನೊಂದು. ಇಪ್ಪತ್ತೆರಡು ಶತಮಾನಗಳ ಹಿಂದೆ ಒಂದೇ ಊರಿನ ಆಸುಪಾಸಿನಲ್ಲಿ ಅದೇ ಸಂದೇಶವನ್ನು ಎರಡು ಕಡೆ ಕೆತ್ತಿಸಿದರು. ಪಾಲ್ಕಿಗುಂಡುವಿನದು ಬಹುಮಟ್ಟಿಗೆ ಸವೆದುಹೋಗಿದೆ, ಗವಿಮಠದ್ದನ್ನು ಓದಬಹುದು. ಸಭೆ ಮುಗಿದ ಮರುದಿನ ವಿದ್ಯಾರ್ಥಿ ನನ್ನನ್ನು ಅಲ್ಲಿಗೆ ಕರೆದೊಯ್ದು, ಏನೂ ಹೇಳದೆ, ನನ್ನ ಮುಖ ನೋಡಿ ನಕ್ಕ. ಈಗ ಆ ಅಳತೆಗಳ ಮೂರು ಪ್ರತಿಗಳಿವೆ, ಒಂದು ಆ ಹಳ್ಳಿಯವರ ಬಳಿಯೇ ಇದೆ.

ಪರಿಸರದ ಬಳಗ ಇದನ್ನೇಕೆ ಚರ್ಚಿಸಬೇಕೆಂದರೆ, ಜಗತ್ತು 2022ರ ಒಂದೇ ವರ್ಷದಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸ ಸುರಿಯಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದ ದಾಖಲೆಯಿರುವುದು 22.3 ಶೇಕಡಾ ಮಾತ್ರ. ಉಳಿದದ್ದರಲ್ಲಿ ಒಂದು ಪಾಲು ತಂತಿ ಸುಡುವವರ ಶ್ವಾಸಕ್ಕೂ ಯಾರದೋ ಊರಿನ ಹಳ್ಳಕ್ಕೂ ಸೇರುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಒಪ್ಪದ ಗಟ್ಟಿಮುಟ್ಟಾದ ಯಂತ್ರಗಳು ಆ ದಿನದಿಂದ ‘ಹಳೆಯವು’ ಎನಿಸಿಕೊಂಡವು. ಅವುಗಳಲ್ಲಿ ಹೆಚ್ಚಿನವು ಲಿನಕ್ಸಿನಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲವು. ಇದೇನೂ ಪಂಡಿತರ ವಿದ್ಯೆಯಲ್ಲ. ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಗಣಕ ಕಲಿಯುತ್ತಾರೆ. ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿ, ಏರೋಪ್ಲೇನ್ ಚಿಟ್ಟೆಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಹೋರಾಡಿದ್ದನ್ನು ನಮ್ಮ ಹಿರಿಯ ಸದಸ್ಯರು ಬಲ್ಲರು. ಕಾಡಿನ ಮನುಷ್ಯನಿಗೆ ಕಂಪ್ಯೂಟರ್ ಏಕೆಂದು ಅವರನ್ನೂ ಕೆಲವರು ಕೇಳಿರಬಹುದು.

ಇನ್ನು ಮಾತು ಸಾಕು. ಈ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪುಗಳಿವೆ, ಎರಡೂ ಏಳುವುದಿಲ್ಲ. ಒಂದರ ಗ್ರಬ್ಬನ್ನು ನಿನ್ನೆ ನಾನೇ ಅಳಿಸಿದ್ದೇನೆ. ಇನ್ನೊಂದು ನಿಮ್ಮೂರಿನ ಅಟ್ಟದಿಂದ ಬಂದದ್ದು, ಅದರ ಕಾಯಿಲೆ ನನಗೂ ಗೊತ್ತಿಲ್ಲ. ಐದು ಲೈವ್ ಪೆನ್‌ಡ್ರೈವುಗಳನ್ನು ತಂದಿದ್ದೇನೆ. ಗುಂಪು ಮಾಡಿಕೊಂಡು ಬನ್ನಿ. ಮೊದಲು ಪರದೆಯ ಮೇಲಿನ ಸಾಲನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಆಮೇಲೆ ಕೀಲಿಮಣೆ ಮುಟ್ಟಿ.